ಹೊಡೆದಾಟ ಜಪಾನಿನದು, ಊರು ಅಮೆರಿಕದ್ದು: ನಾನು ಆರ್‌ಪಿಜಿ ಮಾಡಿದ ಬಗೆ

ಎರಡನ್ನೂ ಬೆರೆಸಬೇಡ ಅಂತ ಕೇಳಿದವರೆಲ್ಲ ಹೇಳಿದ್ದರು. ಜಪಾನಿ ಆರ್‌ಪಿಜಿ (ಒಂದು ಪಾತ್ರವಾಗಿ ಕತೆಯೊಳಗೆ ನಡೆಯುವ ವಿಡಿಯೊ ಆಟ) ಮಾಡು, ಇಲ್ಲವೇ ಅಮೆರಿಕನ್ ಆರ್‌ಪಿಜಿ ಮಾಡು, ನಡುವೆ ನಿಂತರೆ ಎರಡೂ ಕಡೆಯವರು ಮುಟ್ಟುವುದಿಲ್ಲ ಅಂತ. ಈಗ ಆಟ ಮುಗಿದು ಮಾರಾಟಕ್ಕೂ ಬಂದಿದೆ. ಆರೇಳು ಗಂಟೆಯ ಪುಟ್ಟ ಆಟ, ಪೂರ್ತಿ ಕನ್ನಡದಲ್ಲಿ. ಶುರು ಮಾಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೊನೆಯವರೆಗೂ ಆಡಿದ್ದಾರೆ. ಈ ಕೆಲಸ ಮಾಡುವವರಿಗೆ ಅದು ಎಷ್ಟು ದೊಡ್ಡದು ಅಂತ ನಾನು ಹೇಳಬೇಕಿಲ್ಲ.

ಬೆರೆಸಬಾರದು ಅನ್ನುವವರಿಗೆ ನಾನು ತೋರಿಸುವುದು 1986ರ ಡ್ರ್ಯಾಗನ್ ಕ್ವೆಸ್ಟ್. ಆ ಜಪಾನಿ ಆಟ ರೂಪಿಸಿದ ಯೂಜಿ ಹೊರಿಯಿ ಮಾಡಿದ್ದೇ ಬೆರಕೆ. ಮೇಲಿನಿಂದ ಕಾಣುವ ನಕ್ಷೆ ಅಲ್ಟಿಮಾದ್ದು. ಶತ್ರು ಎದುರಿಗೆ ನಿಲ್ಲುವ ಹೊಡೆದಾಟ ವಿಜರ್ಡ್ರಿಯದು. ಎರಡೂ 1981ರ ಅಮೆರಿಕನ್ ಆಟಗಳು. ಅವುಗಳ ಸಾರವನ್ನು 64 ಕಿಲೋಬೈಟ್‌ನ ಕಾರ್ಟ್ರಿಜ್‌ಗೆ ತುರುಕುವಾಗ ಏನನ್ನು ಬಿಟ್ಟರು ಅನ್ನುವುದೇ ಮುಖ್ಯ. ವಿಜರ್ಡ್ರಿಯಲ್ಲಿ ಆರು ಜನರ ತಂಡವನ್ನು ನಾವೇ ಕಟ್ಟಬೇಕು: ಕುಲ, ಕಸುಬು, ಅಂಕ ಎಲ್ಲ. ಸತ್ತವನನ್ನು ಬದುಕಿಸಲು ಹೋಗಿ ಕೈಕೊಟ್ಟರೆ ಬೂದಿ, ಮತ್ತೆ ಕೈಕೊಟ್ಟರೆ ಪಾತ್ರವೇ ಇಲ್ಲ. ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಹೆಸರು ಬರೆದು ಹೊರಟರಾಯಿತು. ಸತ್ತರೆ ಅರ್ಧ ಚಿನ್ನ ಹೋಗುತ್ತದೆ, ಅನುಭವದ ಅಂಕ ಹಾಗೇ ಉಳಿಯುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಇಲ್ಲೇ. ದೊಡ್ಡ ಕಣ್ಣು, ಚೂಪು ಕೂದಲು ಎಲ್ಲ ಮೇಲಿನ ಬಣ್ಣ. ಅಮೆರಿಕನ್ ಆಟದಲ್ಲಿ ನಾಯಕ ಆಡುವವರ ಸ್ವತ್ತು. ಕೆಟ್ಟದಾಗಿ ಕಟ್ಟಿಕೊಂಡರೆ ಅವರ ಹಣೆಬರಹ. ಜಪಾನಿ ಆಟದಲ್ಲಿ ನಾಯಕ ಕತೆ ಬರೆದವರ ಸ್ವತ್ತು. ಹೊತ್ತು ಹಾಕಿ ಆಡಿದರೆ ಯಾರು ಬೇಕಾದರೂ ದಡ ಸೇರಬಹುದು.

ನನ್ನ ಮೊದಲ ಕರಡು ಪಕ್ಕಾ ಅಮೆರಿಕನ್ ಆಗಿತ್ತು. 1997ರ ಫಾಲೌಟ್ ತರಹ ಏಳು ಗುಣ, ಹಂಚಲು ಒಂದಿಷ್ಟು ಅಂಕ. ಆಡಲು ಕೊಟ್ಟ ಗೆಳೆಯರಲ್ಲಿ ಕೆಲವರು ಎಲ್ಲ ಅಂಕವನ್ನೂ ಮಾತುಗಾರಿಕೆಗೆ ಸುರಿದರು. ಗಣಿಯ ಎರಡನೇ ಹೊಡೆದಾಟದಲ್ಲೇ ಸಿಕ್ಕಿಹಾಕಿಕೊಂಡರು. ಫಾಲೌಟ್‌ನಲ್ಲಿ ಕೊನೆಯ ಖಳನನ್ನೂ ಮಾತಿನಲ್ಲೇ ಸೋಲಿಸಬಹುದು. ಆದರೆ ಹಾಗೆ ಆಗಬೇಕಾದರೆ ದಾರಿಯುದ್ದಕ್ಕೂ ಪ್ರತಿ ಬಾಗಿಲಿಗೂ ಮೂರು ಬೀಗದಕೈ ಬರೆದಿಡಬೇಕು. ಬರೆಯುವವನು ನಾನೊಬ್ಬನೇ. ಫಾಲೌಟ್‌ನಲ್ಲಿ ಬುದ್ಧಿ ಕಮ್ಮಿ ಇರುವ ಪಾತ್ರಕ್ಕೆ ಬೇರೆಯೇ ಸಂಭಾಷಣೆ ಬರುತ್ತದಲ್ಲ, ಅದನ್ನೂ ಒಂದು ಹಳ್ಳಿಗೆ ಮಾಡಿ ನೋಡಿದೆ. ಬಿದ್ದು ಬಿದ್ದು ನಕ್ಕರು. ಆದರೆ ಅದೇ ಹಳ್ಳಿಯನ್ನು ಎರಡು ಸಲ ಬರೆದಂತಾಯಿತು. ಕಿತ್ತು ಹಾಕಿದೆ. ಈ ಕರಡಿಗೆ ಹೆಚ್ಚುಕಮ್ಮಿ ಒಂದು ವರ್ಷ ಹೋಯಿತು.

ಆಮೇಲೆ ಹೊಡೆತದ ಲೆಕ್ಕದ ಪ್ರಯೋಗ. ಇಂಥ ಆಟ ಕಟ್ಟುವ ತಂತ್ರಾಂಶ ಆರ್‌ಪಿಜಿ ಮೇಕರ್ ಕೊಡುವ ಸೂತ್ರ ಇದು: ದಾಳಿಯ ನಾಲ್ಕು ಪಟ್ಟಿನಿಂದ ರಕ್ಷಣೆಯ ಎರಡು ಪಟ್ಟು ಕಳೆ. ಅಳತೆ ಬೇರೆ, ಆದರೆ ಡ್ರ್ಯಾಗನ್ ಕ್ವೆಸ್ಟ್ ಜಾಡೇ. ಏಟು ಬಹುತೇಕ ಬಿದ್ದೇ ಬೀಳುತ್ತದೆ, ಕವಚ ನೋವನ್ನು ಕಮ್ಮಿ ಮಾಡುತ್ತದೆ. ಮೇಜಿನ ಸುತ್ತ ಕೂತು ಆಡುವ ಅಮೆರಿಕದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಿಂದ ಬಂದ ಸಾಲಿನಲ್ಲಿ ಹಾಗಲ್ಲ. ಇಪ್ಪತ್ತು ಮುಖದ ದಾಳ ಹಾಕಬೇಕು, ಕವಚ ಒಳ್ಳೆಯದಿದ್ದರೆ ಏಟು ತಗಲುವುದೇ ಇಲ್ಲ. ನಾನು ಸೂತ್ರ ಕಿತ್ತು ದಾಳ ಕೂರಿಸಿದೆ. ಶುರುವಿನ ಹಂತಗಳಲ್ಲಿ ಅರ್ಧಕ್ಕರ್ಧ ಏಟು ಗಾಳಿಗೆ ಹೋಯಿತು. ಆಡಿದವರೆಲ್ಲ ಬೈದರು.

ಯಾಕೆ ಅಂತ ಗೊತ್ತಾಗಲು ಬಾಲ್ಡರ್ಸ್ ಗೇಟ್ ಮತ್ತೆ ಆಡಬೇಕಾಯಿತು. 1998ರದು, ಮಾಡಿದವರು ಕೆನಡಾದವರು, ಆದರೂ ಎಲ್ಲರೂ ಅಮೆರಿಕದ ಸಾಲಿಗೇ ಸೇರಿಸುತ್ತಾರೆ. ಅಲ್ಲೂ ಶುರುವಿನಲ್ಲಿ ಏಟು ತಪ್ಪುತ್ತಲೇ ಇರುತ್ತದೆ. ಆದರೆ ಆರು ಜನ ಒಟ್ಟಿಗೆ ಬೀಸುತ್ತಿರುತ್ತಾರೆ, ಹೊತ್ತು ಓಡುತ್ತಿರುತ್ತದೆ, ತಪ್ಪಿದ್ದು ಕಣ್ಣಿಗೆ ಬೀಳುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಹೊಡೆಯುವ ಸರದಿಯ ಆಟದಲ್ಲಿ ನಾಯಕ ಮುಂದೆ ಬಂದು, ಕತ್ತಿ ಎತ್ತಿ, ಹೊಳಪು ತೋರಿಸಿ, ಎರಡು ಸೆಕೆಂಡ್ ಆದಮೇಲೆ ತಪ್ಪಿತು ಅಂದರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ದಾಳ ಬೇಕಾದರೆ ಆ ಕುಣಿತ ಬಿಡಬೇಕು. ಕುಣಿತಕ್ಕೆ ಆಗಲೇ ದುಡ್ಡು ಕೊಟ್ಟಾಗಿತ್ತು. ದಾಳ ಹೋಯಿತು.

ಕೊನೆಗೆ ಕೆಲಸ ಮಾಡಿದ್ದು ಒಂದು ಗಡಿ. ಊರಬಾಗಿಲ ಹೊರಗೆ ಎಲ್ಲ ಜಪಾನಿ: ನಾಯಕಿ ನಾನು ಬರೆದವಳು, ಅವಳ ಬೆಳವಣಿಗೆ ನನ್ನ ಪಟ್ಟಿಯಲ್ಲಿದ್ದಂತೆ, ಹಂಚಲು ಅಂಕವೇ ಇಲ್ಲ. ಊರಬಾಗಿಲ ಒಳಗೆ ಎಲ್ಲ ಅಮೆರಿಕನ್: ಪ್ರತಿ ಗಂಟಿಗೂ ಎರಡು ಮೂರು ಬಿಚ್ಚುವ ದಾರಿ, ಮತ್ತು ಊರು ಅದನ್ನು ಮರೆಯುವುದಿಲ್ಲ. ನೀವು ಮಾಡಿದ್ದರ ಫಲ ನಾಯಕಿಯ ಅಂಕಕ್ಕೆ ಹೋಗದೆ ಊರಿನ ಲೆಕ್ಕಕ್ಕೆ ಹೋಗುತ್ತದೆ. ಯಾರು ಜೊತೆಗೆ ಬರುತ್ತಾರೆ, ಕಮ್ಮಾರ ಏನು ಮಾರುತ್ತಾನೆ, ಛತ್ರದ ಬಾಡಿಗೆ ಎಷ್ಟು, ಎಲ್ಲ ಅದರಿಂದಲೇ. ಗೇಣಿ ತಗಾದೆಯಲ್ಲಿ ಒಡೆಯನ ಪರ ನಿಂತರೆ ಮದ್ದು ಅಗ್ಗ, ಆದರೆ ಈಟಿಗಾರ ಬರುವುದಿಲ್ಲ. ಹಾಗಾಗಿ ಆಯ್ಕೆಯ ಬಿಸಿ ಹೊಡೆದಾಟದಲ್ಲಿ ತಟ್ಟುತ್ತದೆ, ಆದರೆ ಯಾರೂ ನಡುದಾರಿಯಲ್ಲಿ ಸಿಕ್ಕಿಬೀಳುವುದಿಲ್ಲ. ಆ ಲೆಕ್ಕವನ್ನು ಎಷ್ಟು ಅಂಕಿಯಲ್ಲಿ ಇಟ್ಟಿದ್ದೇನೆ, ಯಾವಾಗ ಅಳಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಎರಡನೇ ಆಟಕ್ಕೂ ಬೇಕು.

ಇನ್ನೊಂದನ್ನು ಮಾತ್ರ ಹೇಳಿಬಿಡುತ್ತೇನೆ. ಅಮೆರಿಕನ್ ಕಂಪ್ಯೂಟರ್ ಆಟಗಳಲ್ಲಿ ಸಾಮಾನ್ಯವಾಗಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಹಳೇ ಜಪಾನಿ ಆಟಗಳಲ್ಲಿ ರಾಜನ ಹತ್ತಿರವೋ ಛತ್ರಕ್ಕೋ ಹೋಗಬೇಕು. ಎಲ್ಲಿ ಬೇಕಾದರೂ ಬಿಟ್ಟಾಗ ಜನ ಪ್ರತಿ ಆಯ್ಕೆಗೂ ಹಿಂದೆ ಹೋಗಿ ಮೂರೂ ದಾರಿ ನೋಡಿದರು, ಯಾವುದೂ ಮನಸ್ಸಿನಲ್ಲಿ ಉಳಿಯಲಿಲ್ಲ. ಛತ್ರದಲ್ಲಿ ಮಾತ್ರ ಅಂದ ಮೇಲೆ ಆಯ್ಕೆ ಮಾಡುವ ಮುಂಚೆ ಯೋಚಿಸತೊಡಗಿದರು. ಅಮೆರಿಕದ ಆಯ್ಕೆಗೆ ಜಪಾನಿನ ಸೇವ್ ಇಷ್ಟು ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ನಡುವೆ ಸುಮ್ನೆ ಒಂದು ಚಪಲಕ್ಕೆ 1992ರ ಜಪಾನಿ ಆಟ ಫೈನಲ್ ಫ್ಯಾಂಟಸಿ ಐದರ ಹಾಗೆ ಹೊತ್ತು ತುಂಬುವ ಪಟ್ಟಿಯನ್ನೂ (ಅದು ತುಂಬಿದಾಗ ಸರದಿ) ಹಾಕಿದ್ದೆ. ಕನ್ನಡದ ಉದ್ದುದ್ದ ವಿದ್ಯೆಗಳ ಹೆಸರು ಓದುವಷ್ಟರಲ್ಲಿ ಏಟು ಬೀಳುತ್ತಿತ್ತು. ಹೆಸರು ಚಿಕ್ಕದು ಮಾಡುವ ಬದಲು ಪಟ್ಟಿಯನ್ನೇ ತೆಗೆದೆ. ಅದಕ್ಕಿಂತ ತಲೆ ತಿಂದದ್ದು ಪಾತ್ರಗಳ ಮಾತು ಮೂಡುವ ಡಬ್ಬಿ. ಅಕ್ಷರ ಒಂದೊಂದಾಗಿ ಮೂಡುವ ಜಪಾನಿ ಚಾಳಿ ಚೆಂದವೇ. ಜಪಾನಿನ ಕಾನಾ ಲಿಪಿಗೆ ಅದು ಸಲೀಸು, ಕನ್ನಡಕ್ಕೆ ಅಲ್ಲ. ಮೊದಲು 'ಕ', ಆಮೇಲೆ ಬೇರೆಲ್ಲೋ ಒತ್ತು, ಅದರ ಪಕ್ಕ ಒಂಟಿ ಗುಡಿಸು. ಒತ್ತು, ಗುಣಿತ ಎಲ್ಲ ಸೇರಿದ ಗುಂಪನ್ನು ಒಂದೇ ಅಕ್ಷರ ಅಂತ ಎಣಿಸುವ ತುಣುಕು ನಾನೇ ಬರೆದೆ. ನೂರು ಸಾಲೂ ಇಲ್ಲ, ಆದರೆ ಒಂದು ತಿಂಗಳ ರಾತ್ರಿಗಳು ಹೋದವು.

ದುಡ್ಡಿನ ವಿಷಯ. ಎಲ್ಲ ಸೇರಿ ಎಪ್ಪತ್ತೈದು ಸಾವಿರದ ಹತ್ತಿರ ಖರ್ಚು. ಅರ್ಧಕ್ಕಿಂತ ಜಾಸ್ತಿ ಚಿತ್ರಕ್ಕೇ. ಅದರಲ್ಲಿ ಹದಿನೈದು ಸಾವಿರ ಮುಂಗಡ ತಗೊಂಡ ಒಬ್ಬರು ನಾಲ್ಕು ಮುಖ ಕಳಿಸಿ ಫೋನ್ ಎತ್ತುವುದನ್ನೇ ಬಿಟ್ಟರು. ಸಂಗೀತಕ್ಕೆ ಹತ್ತು ಹನ್ನೆರಡು ಸಾವಿರ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ನೂರು ಡಾಲರ್ ಕಟ್ಟಬೇಕು, ಮಾರಾಟ ಸಾವಿರ ಡಾಲರ್ ದಾಟಿದರೆ ಅದು ವಾಪಸ್. ಬೆಲೆ ಇನ್ನೂರೈವತ್ತು ಇಟ್ಟೆ, ಮುನ್ನೂರರ ಆಸುಪಾಸು ಹೋಗಿದೆ. ಅಂಗಡಿಯ ಮೂವತ್ತು ಪರ್ಸೆಂಟ್, ತೆರಿಗೆ ಕಳೆದು ಕೈಗೆ ಬಂದದ್ದು ಐವತ್ತು ಸಾವಿರಕ್ಕೆ ಸ್ವಲ್ಪ ಕಮ್ಮಿ. ಸಾವಿರ ಡಾಲರ್‌ಗೆ ಇನ್ನೂ ಒಂದಿಷ್ಟು ಪ್ರತಿ ಬಾಕಿ. ಅಷ್ಟರೊಳಗೆ ವಿಜರ್ಡ್ರಿ ತರಹದ ಚೌಕುಳಿ ಗುಹೆಯೊಂದನ್ನು ಸೇರಿಸುತ್ತಿದ್ದೇನೆ. ಅದೂ ಆಗಲ್ಲ ಅಂತ ಈಗಾಗಲೇ ಇಬ್ಬರು ಹೇಳಿದ್ದಾರೆ.