ಸಿಲೆಬಸ್ ಕಪಾಟಿನಲ್ಲಿರಲಿ, ಮೊದಲು ಮಳೆ ಅಳೆಯಲಿ

ಶಾಲೆ ಬೇಡವೆಂದು ಮಗಳನ್ನು ಮನೆಯಲ್ಲೇ ಓದಿಸಲು ಶುರು ಮಾಡಿದ ನಾವು ಮಾಡಿದ ಮೊದಲ ಕೆಲಸ, ಊಟದ ಮೇಜಿನ ಮೇಲೆ ಅದೇ ಶಾಲೆಯನ್ನು ಮತ್ತೆ ಕಟ್ಟಿದ್ದು. ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಇಂಗ್ಲಿಷ್. ಗಂಟೆ ಹೊಡೆಯುವ ಜವಾನನೊಬ್ಬ ಇರಲಿಲ್ಲ, ಅಷ್ಟೇ.

ಮಾರ್ಚ್‌ನಲ್ಲಿ ದಶಮಾಂಶದ ಪಾಠ ನಡೆದಿದ್ದಾಗಲೇ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಂತು. ಮಾರನೇ ಬೆಳಿಗ್ಗೆ ಅಜ್ಜ ಪಕ್ಕದ ತೋಟದವರಿಗೆ ಫೋನ್ ಮಾಡಿ, ‘ನಮ್ಗೆ ಒಂದು ಇಂಚು ಹತ್ತು ಸೆಂಟು. ನಿಮ್ಗೆಷ್ಟು?’ ಎನ್ನುತ್ತಿದ್ದರು. ಹತ್ತು ವರ್ಷದ ಮಗಳು ಪುಸ್ತಕದಿಂದ ತಲೆ ಎತ್ತಿ ಕೇಳಿದಳು: ‘ಸೆಂಟು ಅಂದ್ರೆ ಜಾಗ ಅಳೆಯೋದಲ್ವಾ ಅಜ್ಜ? ಮಳೇಲಿ ಎಲ್ಲಿಂದ ಬಂತು?’

ದಶಮಾಂಶದ ಪುಸ್ತಕ ಅವತ್ತು ಕಪಾಟು ಸೇರಿತು. ಹಾಗೆ ಸೇರಿಸಲು ಹೊರಟವರಿಗೆ ನಮ್ಮ ಅನುಭವದ ಕ್ರಮ ಇಲ್ಲಿದೆ.

ಮೊದಲು ಸುಮ್ಮನಿರಿ

ಪಠ್ಯಕ್ರಮ ನಿಲ್ಲಿಸಿದ ಎರಡು ಮೂರು ವಾರ ಮಗು ಏನೂ ಮಾಡದಂತೆ ಕಾಣುತ್ತದೆ. ‘ಬೋರು’ ಎನ್ನುತ್ತದೆ. ಆ ಜಾಗ ತುಂಬಲು ಹೋಗಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಮಗು ಕೇಳುವ ಪ್ರಶ್ನೆಗಳನ್ನು ಅದರ ಮಾತಿನಲ್ಲೇ ಬರೆಯಿರಿ, ಅಲ್ಲೇ ಉತ್ತರ ಕೊಡಬೇಡಿ. ವಾರದಲ್ಲಿ ಮೂರು ಸಲ ತಿರುಗಿ ಬಂದ ಪ್ರಶ್ನೆಯೇ ಪ್ರಾಜೆಕ್ಟ್. ನೀವು ಆರಿಸಿ, ಥರ್ಮಾಕೋಲ್ ತಂದು, ರಾತ್ರಿ ಕೂತು ಅಂಟಿಸಿದ್ದು ನಿಮ್ಮ ಪ್ರಾಜೆಕ್ಟ್.

ಕೈಗೆ ಸಾಮಾನು ಕೊಡಿ

ನಮ್ಮಲ್ಲಿ ಅದು ಮಳೆಮಾಪಕ. ಮೈ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ, ನಡುವೆ ಸೊಂಟ ಇರುವುದು ಬೇಡ. ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ಸ್ವಲ್ಪ ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು ಮಾಡಿ, ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಸಿಲ್ವರ್ ಓಕ್ ನೆರಳಿನಲ್ಲಿ ಇಟ್ಟರೆ ಎಲೆಯಿಂದ ತೊಟ್ಟಿಕ್ಕುವುದೂ ಲೆಕ್ಕಕ್ಕೆ ಬರುತ್ತದೆ. ಕಾಫಿ ಒಣಗಿಸುವ ಕಣ ಸರಿಯಾದ ಜಾಗ. ದಿನಾ ಒಂದೇ ಹೊತ್ತಿಗೆ ನೋಡಬೇಕು. ಹವಾಮಾನ ಇಲಾಖೆಯವರ ಹೊತ್ತು ಬೆಳಿಗ್ಗೆ 8.30, ನಮ್ಮದೂ ಅದೇ. (ಜುಲೈನಲ್ಲಿ ಬಾಟಲಿ ತುಂಬಿ ಚೆಲ್ಲೀತು. ಸಂಜೆಯೂ ಒಮ್ಮೆ ಅಳೆದು ಸೊನ್ನೆ ಗುರುತಿನವರೆಗೆ ಖಾಲಿ ಮಾಡಿ, ಎರಡನ್ನೂ ಕೂಡಿಸಿ.)

ಬಾಟಲಿ ಮಿಲಿಮೀಟರ್ ಹೇಳಿತು, ಅಜ್ಜ ಇಂಚು ಹೇಳಿದರು. ಇಂಚಿಗೆ 25.4 ಮಿಲಿಮೀಟರ್. ಎಕರೆಯ ನೂರನೇ ಪಾಲೂ ಸೆಂಟು, ಇಂಚಿನ ನೂರನೇ ಪಾಲೂ ಸೆಂಟು ಎಂಬುದು ಅಜ್ಜನಿಂದಲೇ ತಿಳಿಯಿತು. ಅಲ್ಲಿಗೆ ದಶಮಾಂಶ ಮುಗಿಯಿತು, ನಾನು ಬಾಯಿ ತೆರೆಯಲೇ ಇಲ್ಲ.

ತಪ್ಪಾದಾಗ ನಾಲಿಗೆ ಕಚ್ಚಿಕೊಳ್ಳಿ

ಕಷ್ಟ ಇರುವುದು ಇಲ್ಲಿ. ಒಂದು ಎಕರೆಗೆ ಒಂದು ಇಂಚು ಮಳೆ ಎಂದರೆ ಎಷ್ಟು ನೀರು ಎಂದು ಅವಳು ಲೆಕ್ಕ ಹಾಕಿದಳು: 10,280 ಲೀಟರ್. ಒಂದು ಸೊನ್ನೆ ಎಲ್ಲೋ ಜಾರಿತ್ತು. ನನಗೆ ಗೊತ್ತಾಯಿತು, ಹೇಳಲಿಲ್ಲ. ಎರಡು ದಿನ ತಡೆದುಕೊಂಡೆ. ಮೂರನೇ ದಿನ ಮಾಡಿನ ಮೇಲಿನ ಸಾವಿರ ಲೀಟರಿನ ಟ್ಯಾಂಕ್ ನೋಡುತ್ತಾ ನಿಂತವಳು, ‘ಎಕರೆಗೆಲ್ಲಾ ಹತ್ತೇ ಟ್ಯಾಂಕಾ? ಇರಲ್ಲ’ ಎಂದು ಒಳಗೆ ಓಡಿದಳು. ಸರಿಯುತ್ತರ 1 ಲಕ್ಷ ಲೀಟರಿಗಿಂತ ತುಸು ಹೆಚ್ಚು. ನಾನು ತಿದ್ದಿದ್ದರೆ ಅರ್ಧ ನಿಮಿಷದ ಕೆಲಸವಾಗಿತ್ತು, ಟ್ಯಾಂಕಿನ ಕಡೆ ಅವಳು ಕಣ್ಣೆತ್ತುತ್ತಲೂ ಇರಲಿಲ್ಲ.

ಮಳೆಯಾದ ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾದಾಗ ಪ್ರಶ್ನೆ ಹೂವಿಗೆ ಜಿಗಿಯಿತು. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು; ಹಾಗಾಗಿ ಜೇನು, ಗಾಳಿ. ಹಳೆ ವರ್ಷಗಳ ಮಳೆ ನೋಡಲು ಅಜ್ಜನ ಡೈರಿಗಳು ಹೊರಬಂದವು. ಅವರ ಮೋಡಿ ಅಕ್ಷರ ಓದಿದ್ದೇ ಅವಳ ಕನ್ನಡ ಪಾಠ.

ವಾರಕ್ಕೊಮ್ಮೆ ಹಿಂದಿನಿಂದ ಲೆಕ್ಕ ಬರೆಯಿರಿ

ಶನಿವಾರ ರಾತ್ರಿ ಕಪಾಟಿನ ಪುಸ್ತಕ ತೆರೆದು, ಆ ವಾರ ತಾನಾಗಿ ಬಂದ ವಿಷಯಗಳಿಗೆ ಪೆನ್ಸಿಲ್ ಗುರುತು ಹಾಕುತ್ತೇನೆ. ದಿನಾಂಕ, ಫೋಟೊ, ಮಗುವಿನ ಗ್ರಾಫ್ ಒಂದು ಫೈಲ್‌ನಲ್ಲಿರಲಿ. ಎಲ್ಲವೂ ತಾನಾಗಿ ಬರುತ್ತದೆ ಎನ್ನುವವರಿದ್ದಾರೆ, ನನಗೆ ನಂಬಿಕೆಯಿಲ್ಲ. ಮಗ್ಗಿಯಾಗಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಆಗಲಿ ಮಳೆಯ ಜೊತೆ ಬೀಳಲಿಲ್ಲ. ಅದಕ್ಕೆ ದಿನಾ ಅರ್ಧ ಗಂಟೆ ಈಗಲೂ ಇದೆ, ಗೊಣಗಾಟವೂ ಇದೆ.

ಪರೀಕ್ಷೆಯ ಚಿಂತೆಯಿದ್ದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಅದರ ಮುಕ್ತ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳು 3, 5, 8ನೇ ತರಗತಿಗೆ ಸಮ. ಹತ್ತನೆಯದಕ್ಕೆ ಸಮನಾದ ಸೆಕೆಂಡರಿಗೆ ಕನಿಷ್ಠ 14 ವರ್ಷ ತುಂಬಿರಬೇಕು. ಸೇರುವ ಮೊದಲು ಆ ವರ್ಷದ ನಿಯಮ ಓದಿಕೊಳ್ಳಿ.

ಕೊನೆಗೆ, ಕಲಿತದ್ದನ್ನು ತೋರಿಸಲು ಒಬ್ಬರು ಬೇಕು, ಅಪ್ಪ ಅಮ್ಮ ಬಿಟ್ಟು. ಮಗಳ ಗ್ರಾಫ್ ನೋಡಿದ ಪಕ್ಕದ ತೋಟದವರು ತಮ್ಮ ಡೈರಿ ತಂದು, ‘ನಮ್ದೂ ಹಾಕು’ ಎಂದರು. ಎರಡು ಗೆರೆ ಬೇರೆ ಬೇರೆ ಓಡಿದವು. ಭಾಗಮಂಡಲದಲ್ಲಿ ಸುರಿಯುವಷ್ಟು ಕುಶಾಲನಗರದಲ್ಲಿ ಯಾಕೆ ಸುರಿಯುವುದಿಲ್ಲ ಎಂಬುದು ಈಗಿನ ಪ್ರಶ್ನೆ. ಕುಶಾಲನಗರದ ಚಿಕ್ಕಮ್ಮನಿಗೆ ಕೊಡಲು ಇನ್ನೊಂದು ಬಾಟಲಿ ಕತ್ತರಿಸಿಟ್ಟಿದ್ದಾಳೆ. ಸೊಂಟ ಇಲ್ಲದ್ದನ್ನೇ ಹುಡುಕಿ.