ನಿಶ್ಚಯಕ್ಕೆ ಮುಂಚೆ ಒಂದು ಮಳೆಗಾಲ

ಆಗ ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೆ. ಕೃಷಿ ಸಾಲದ ಮೇಜು ನನ್ನದು. ಸಾಲಕ್ಕೆ ಬಂದವರ ಜೊತೆ ಹೆಂಡತಿಯೂ ಬಂದು ಜಾಮೀನಿಗೆ ಸಹಿ ಹಾಕುವುದುಂಟು. ಜಮೀನಿನ ಮೇಲೆ ಮೊದಲೇ ಇನ್ನೊಂದು ಸಾಲ ಇದೆ ಅನ್ನುವುದು ಎಷ್ಟೋ ಹೆಂಗಸರಿಗೆ ಆ ಕುರ್ಚಿಯಲ್ಲಿ ಕೂತಾಗಲೇ ಗೊತ್ತಾಗುತ್ತಿತ್ತು. ಮದುವೆಯಾಗಿ ಹತ್ತು ಹದಿನೈದು ವರ್ಷ ಆಗಿರುತ್ತಿತ್ತು. ಅಂಥ ಮುಖಗಳನ್ನು ನೋಡಿ ನೋಡಿ ನನಗೆ ಒಂದು ವಿಷಯ ಗಟ್ಟಿಯಾಗಿತ್ತು. ನನ್ನ ಮದುವೆ ಮಾತು ಬಂದಾಗ ಕೇಳುವುದನ್ನು ಮೊದಲೇ ಕೇಳಬೇಕು, ನೋಡುವುದನ್ನು ಮೊದಲೇ ನೋಡಬೇಕು.

ನಮ್ಮದು ಸಾಗರ. ಅಪ್ಪ ನಿವೃತ್ತ ಮೇಷ್ಟ್ರು, ನಮಗೆ ತೋಟ ಇಲ್ಲ. ಸಂಬಂಧ ಬಂದದ್ದು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ. ಹುಡುಗ ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಅದನ್ನು ಬಿಟ್ಟು ಅಡಿಕೆ ತೋಟಕ್ಕೆ ವಾಪಸ್ ಬಂದವರು. ನಮ್ಮ ಕಡೆ ತೋಟದ ಹುಡುಗರಿಗೆ ಹೆಣ್ಣು ಸಿಗುವುದು ಈಗ ಬಹಳ ಕಷ್ಟ. ಒಳ್ಳೊಳ್ಳೆಯ ಹುಡುಗರು 35 ದಾಟಿ ಕೂತಿದ್ದಾರೆ. ಹೀಗಾಗಿ ಗಂಡಿನ ಕಡೆಯವರಿಗೆ ಅವಸರ ಜಾಸ್ತಿ. ಹೆಣ್ಣು ಹ್ಞೂಂ ಅಂದರೆ ಸಾಕು, ಮುಂದಿನ ಮುಹೂರ್ತದಲ್ಲೇ ನಿಶ್ಚಯ ಮಾಡಿ ಮುಗಿಸೋಣ ಅನ್ನುತ್ತಾರೆ.

ನೋಡಲು ಹೋದದ್ದು ಬೇಸಿಗೆಯಲ್ಲಿ. ಜಾತಕ ಆಗಲೇ ನೋಡಿ ಆಗಿತ್ತು, 36ಕ್ಕೆ 24 ಗುಣ. ಜಗುಲಿಯಲ್ಲಿ ಹಿರಿಯರು ಕವಳ (ಎಲೆ ಅಡಿಕೆ) ಹಾಕುತ್ತ ಕೂತರು. ನಮ್ಮಿಬ್ಬರಿಗೆ “ತೋಟ ನೋಡ್ಕೊಂಡು ಬನ್ನಿ” ಅಂದರು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಡೀ ಬದುಕಿನ ಮಾತು ಮುಗಿಸಿ ಬರಬೇಕು ಅನ್ನುವ ಈ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಅದಕ್ಕೆ ನಾನು ಅಲ್ಲಿ ಅವರ ಇಷ್ಟ ಕಷ್ಟ ಏನೂ ಕೇಳಲಿಲ್ಲ. “ನನಗೆ ನೀವು ಇಷ್ಟ ಆದ್ರಿ. ಆದರೆ ಈಗಲೇ ಹ್ಞೂಂ ಅನ್ನಲ್ಲ. ಮಳೆಗಾಲದಲ್ಲಿ ಈ ಮನೆ ಹೇಗಿರುತ್ತೆ, ನೀವು ಹೇಗಿರ್ತೀರಿ ಅಂತ ನೋಡಬೇಕು” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬನ್ನಿ. ಆದ್ರೆ ಆವಾಗ ಮಾತಾಡ್ಲೆ ಪುರಸೊತ್ತು ಸಿಗ್ತಿಲ್ಲೆ” ಅಂದರು. ಅದೇ ನನಗೆ ಬೇಕಾಗಿದ್ದದ್ದು.

ಅಪ್ಪನಿಗೆ ದಿಗಿಲು. “ಅವರು ಅಲ್ಲಿವರೆಗೆ ಕಾಯ್ತಾರಾ?” ಅಂತ ಅಮ್ಮನ ಹತ್ತಿರ ಕೇಳುತ್ತಿದ್ದರು. ನಮಗೆ ಸಹಾಯಕ್ಕೆ ಬಂದದ್ದು ಆಷಾಢ. ಆಷಾಢದಲ್ಲಿ ಶುಭಕಾರ್ಯದ ಮಾತು ಯಾರೂ ಎತ್ತುವುದಿಲ್ಲ. ಹೆಣ್ಣಿನ ಕಡೆಯವರು ತಡ ಮಾಡುತ್ತಿದ್ದಾರೆ ಅಂತ ಯಾರಿಗೂ ಅನ್ನಿಸಲಿಲ್ಲ. ಸಮಯ ಬೇಕು ಅನ್ನುವ ಹುಡುಗಿಯರಿಗೆ ನಾನು ಇದನ್ನೇ ಹೇಳುತ್ತೇನೆ. ಮನೆಯವರ ಜೊತೆ ಜಗಳ ಆಡುವುದಕ್ಕಿಂತ ಪಂಚಾಂಗದಲ್ಲಿ ಇರುವ ಇಂಥ ಬಿಡುವನ್ನು ಬಳಸಿಕೊಳ್ಳಿ.

ಸಿದ್ದಾಪುರ ಪೇಟೆಯಲ್ಲಿ ನನ್ನ ದೊಡ್ಡಮ್ಮನ ಮನೆ. ರಜೆ ಹಾಕಿ ಅಲ್ಲಿಗೆ ಹೋಗಿ ಉಳಿದೆ. ಹಗಲು ದೊಡ್ಡಮ್ಮನನ್ನು ಕರೆದುಕೊಂಡು ಅವರ ಮನೆಗೆ ಹೋಗಿ, ಕತ್ತಲಾಗುವ ಮುಂಚೆ ವಾಪಸ್. ಊರವರು ಆಡಿಕೊಳ್ಳಲು ಏನೂ ಉಳಿಯಲಿಲ್ಲ.

ಅದು ಕೊಳೆ ಔಷಧಿ ಹೊಡೆಯುವ ಕಾಲ. ಮಳೆ ಜೋರಾದರೆ ಅಡಿಕೆಗೆ ಕೊಳೆ ರೋಗ ಬಂದು ಎಳೆ ಕಾಯಿ ಉದುರುತ್ತದೆ. ಅದಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು 40–45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು. ಎರಡನೇ ಸಲದ್ದು ಮಳೆಯ ನಡುವೆಯೇ ಬರುತ್ತದೆ. ಹೊಳವಾದ, ಅಂದರೆ ಮಳೆ ಬಿಟ್ಟ ದಿನ ನೋಡಿ ಮುಗಿಸಬೇಕು. ಔಷಧಿ ತಯಾರಿ ನಾನು ಹತ್ತಿರ ನಿಂತು ನೋಡಿದೆ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್). ಇನ್ನೊಂದರಲ್ಲಿ 50 ಲೀಟರಿಗೆ 1 ಕೆಜಿ ಸುಣ್ಣ. ಎರಡನ್ನೂ ಮೂರನೇ ಡ್ರಮ್ಮಿಗೆ ಸುರಿದು ಕದಡಬೇಕು. ಆಮೇಲೆ ಹಳೆ ಚೂರಿಯೊಂದನ್ನು ಅದ್ದಿ ತೆಗೆದರು. ಅಲಗಿನ ಮೇಲೆ ಕೆಂಪು ಬಣ್ಣ ಕೂತಿತ್ತು. ಹಾಗೆ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಿದರು. ಅಲಗು ಕೆಂಪಾಗದೆ ಬರುವವರೆಗೆ ಬಿಡಲಿಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಆಗಲೇ ತಡವಾಗಿ ಬಂದಿದ್ದ. ಮೋಡ ಕಟ್ಟುತ್ತಿತ್ತು. ಅವಸರದಲ್ಲಿ ಯಾರಾದರೂ “ಇರಲಿ ಬಿಡು” ಅನ್ನುವ ಹೊತ್ತು ಅದು. ಅವರು ಅನ್ನಲಿಲ್ಲ.

ಅರ್ಧ ತೋಟ ಆಗುವಷ್ಟರಲ್ಲಿ ಮಳೆ ಹೊಯ್ಯಿತು. ಹೊಡೆದದ್ದೂ ತೊಳೆದು ಹೋಯಿತು, ಕದಡಿಟ್ಟ ಔಷಧಿಯೂ ದಂಡ. ಆ ದ್ರಾವಣ ಅವತ್ತೇ ಖರ್ಚಾಗಬೇಕು, ಮಾರನೇ ದಿನಕ್ಕೆ ಬರುವುದಿಲ್ಲ. ಅವರ ಅಪ್ಪ ಎಲ್ಲರ ಎದುರೇ ಮಗನಿಗೆ ಬೈದರು. ಬೆಳಿಗ್ಗೆಯೇ ಬೇಡ ಅಂದಿದ್ದೆ, ಕೇಳಲಿಲ್ಲ ಅಂತ. ನಾನು, ದೊಡ್ಡಮ್ಮ, ಕೆಲಸದವರು, ಎಲ್ಲರೂ ಅಲ್ಲೇ ಇದ್ದೆವು. ಮದುವೆಯಾಗುವ ಹುಡುಗಿ ಎದುರು ಹಾಗೆ ಬೈಸಿಕೊಳ್ಳುವುದು ಯಾವ ಗಂಡಸಿಗೂ ಸುಲಭ ಅಲ್ಲ. ಅವರು ತಿರುಗಿ ಮಾತಾಡಲಿಲ್ಲ. ಡ್ರಮ್ಮು ಒಳಗಿಟ್ಟು, ಕೆಲಸದವರಿಗೆ ಪೂರ್ತಿ ದಿನದ ಸಂಬಳ ಕೊಟ್ಟು ಕಳಿಸಿದರು. ಚಾ ಕುಡಿದಾದ ಮೇಲೆ ಅಪ್ಪನ ಪಕ್ಕ ಕೂತು, ನಿರ್ಧಾರ ನನ್ನದೇ, ನಷ್ಟವೂ ನನ್ನ ಲೆಕ್ಕಕ್ಕೆ ಇರಲಿ, ಆದರೆ ನಾಲ್ಕು ಜನರ ಎದುರು ಹೀಗೆ ಅನ್ನಬೇಡ ಅಂತ ನಿಧಾನವಾಗಿ ಹೇಳಿದರು. ಅಪ್ಪ ಏನೂ ಹೇಳಲಿಲ್ಲ, ಕವಳದ ತಬಕನ್ನು ಮಗನ ಕಡೆ ಸರಿಸಿದರು.

ನನಗೆ ಬೇಕಾದ ಉತ್ತರಗಳಲ್ಲಿ ಅರ್ಧ ಆ ಮಧ್ಯಾಹ್ನವೇ ಸಿಕ್ಕಿತು. ಸಿಟ್ಟು ಬಂದಾಗ ಏನು ಮಾಡುತ್ತೀರಿ, ಅಪ್ಪ ಅಮ್ಮನ ಜೊತೆ ಭಿನ್ನಾಭಿಪ್ರಾಯ ಬಂದರೆ ಹೇಗೆ ಅಂತ ಹೋಟೆಲಿನಲ್ಲಿ ಎದುರು ಬದುರು ಕೂತು ಕೇಳಿದ್ದರೆ ಎಲ್ಲರೂ ಹೇಳುವ ಉತ್ತರವನ್ನೇ ಅವರೂ ಹೇಳುತ್ತಿದ್ದರು.

ಇನ್ನು ದುಡ್ಡಿನ ಮಾತು. ಬಯೋಡೇಟಾದಲ್ಲಿ “ಎರಡೂವರೆ ಎಕರೆ ತೋಟ” ಅಂತ ಇತ್ತು. ನಾನು ಸರ್ವೆ ನಂಬರ್ ಕೇಳಿದೆ. ಸರ್ವೆ ನಂಬರ್ ಇದ್ದರೆ ಪಹಣಿಯನ್ನು ಸರ್ಕಾರದ ಭೂಮಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಕದ್ದು ನೋಡುವುದು ನನಗೆ ಇಷ್ಟ ಇರಲಿಲ್ಲ. ಅವರೇ ಪ್ರಿಂಟ್ ತೆಗೆಸಿ ತಂದರು. ಸಾಲದ ಮೇಜಿನಲ್ಲಿ ನಾನು ಮೊದಲು ನೋಡುವುದು 9ನೇ ಕಾಲಂ, ಆಮೇಲೆ 11ನೇ ಕಾಲಂ. 9ರಲ್ಲಿ ಜಮೀನು ಯಾರ ಹೆಸರಲ್ಲಿದೆ ಅಂತ ಇರುತ್ತದೆ. 11ರಲ್ಲಿ ಅದರ ಮೇಲಿನ ಋಣ. ಇವರ ಪಹಣಿಯಲ್ಲಿ ಅವರ ಅಪ್ಪ ಮತ್ತು ಚಿಕ್ಕಪ್ಪ, ಇಬ್ಬರ ಹೆಸರೂ ಜಂಟಿಯಾಗಿತ್ತು. ಇನ್ನೂ ಪಾಲಾಗಿಲ್ಲ. ನಾನು ಕೇಳುವ ಮುಂಚೆ ಅವರೇ ಹೇಳಿದರು, “ಪಾಲಾದ್ರೆ ನಮ್ಮ ಮನೆಗೆ ಒಂದೂಕಾಲು ಎಕರೆ ಬತ್ತು. ಅದ್ರಲ್ಲಿ ಅಕ್ಕಂಗೂ ಪಾಲು ಇದ್ದು.”

ಅಕ್ಕನ ಪಾಲಿನ ಮಾತು ಕೇಳಿ ನನಗೆ ನಿಜವಾಗಿ ಸಂತೋಷ ಆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಅಂತ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಆದರೂ ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರಿಂದ ಸುಮ್ನೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ತನ್ನ ಪಾಲು ಕಡಿಮೆಯಾಗುತ್ತದೆ ಅಂತ ಗೊತ್ತಿದ್ದೂ ಅದನ್ನು ಹೇಳಿದ ಮನುಷ್ಯನನ್ನು ನಂಬಬಹುದು ಅನ್ನಿಸಿತು. ಕಡಿಮೆ ತೋಟ ಅಂತ ನನಗೆ ಬೇಸರವೇ ಆಗಲಿಲ್ಲ.

ಸಾಲದ ವಿಷಯವೂ ಹಾಗೆಯೇ. ಇಬ್ಬರೂ ನಮ್ಮ ನಮ್ಮ ಕ್ರೆಡಿಟ್ ರಿಪೋರ್ಟ್ ತೆಗೆದು ಅದಲು ಬದಲು ಮಾಡಿಕೊಂಡೆವು. ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯಿಂದಲೂ ಪುಕ್ಕಟೆ ಸಿಗುತ್ತದೆ. ಆದರೆ ತೋಟದವರ ವಿಷಯದಲ್ಲಿ ಅದಷ್ಟೇ ನೋಡಿ ಬಿಡಬಾರದು. ಊರಿನ ಸೇವಾ ಸಹಕಾರಿ ಸಂಘದ ಬೆಳೆಸಾಲ ಬಹಳ ಸಲ ಅದರಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಸಂಘದ ಪಾಸ್‌ಬುಕ್ಕೂ ನೋಡಬೇಕು. ತೋಟದ ಮನೆಗೆ ತಿಂಗಳ ಸಂಬಳ ಇಲ್ಲ ಅನ್ನುವುದು ನನಗೆ ಗೊತ್ತಿತ್ತು, ಆದರೆ ಅದು ಮನೆಯೊಳಗೆ ಹೇಗೆ ನಡೆಯುತ್ತದೆ ಅಂತ ಗೊತ್ತಿರಲಿಲ್ಲ. ಕೊನೆಕೊಯ್ಲು (ಅಡಿಕೆ ಗೊನೆಯ ಕೊಯ್ಲು) ಮುಗಿದು, ಅಡಿಕೆ ಸುಲಿದು, ಬೇಯಿಸಿ ಒಣಗಿಸಿ ಸೊಸೈಟಿಗೆ ಹಾಕಿದ ಮೇಲೆ ದುಡ್ಡು. ಅದರಲ್ಲಿ ಸಾಲ ಮುರಿದುಕೊಂಡು ಉಳಿದದ್ದರಲ್ಲಿ ವರ್ಷ ಕಳೆಯಬೇಕು. ಈಚೆಗೆ ಎಲೆಚುಕ್ಕಿ ರೋಗ ಬೇರೆ. ಇಂಥ ಮನೆಗೆ ನನ್ನ ಸಂಬಳ ಬಂದರೆ ಅದು ಯಾವುದಕ್ಕೆ ಹೋಗುತ್ತದೆ ಅಂತ ಮೊದಲೇ ಮಾತಾಡಬೇಕಿತ್ತು, ಮಾತಾಡಿದೆವು. ಮನೆ ಖರ್ಚಿಗೆ ಇಬ್ಬರೂ ಹಾಕುವುದು. ತೋಟದ ಸಾಲಕ್ಕೆ ನನ್ನ ಜಾಮೀನು ಕೇಳುವುದಿಲ್ಲ. ನನ್ನ ಅಪ್ಪ ಅಮ್ಮನಿಗೆ ನಾನು ಒಬ್ಬಳೇ ಮಗಳು, ಅವರ ಔಷಧಿ, ಆಸ್ಪತ್ರೆ ನನ್ನ ಜವಾಬ್ದಾರಿ. ನನ್ನ ಓದಿನ ಸಾಲ ಇನ್ನೂ ಉಳಿದಿದೆ ಅಂತಲೂ ಹೇಳಿದೆ. ಬೇರೆಯವರ ಕಾಗದ ಕೇಳುವವರು ತಮ್ಮದನ್ನು ಮೊದಲು ಮುಂದಿಡಬೇಕು, ಅಲ್ವಾ?

ಎಲ್ಲಕ್ಕಿಂತ ಕಷ್ಟದ ಮಾತು ಅವರ ಅಮ್ಮನ ಹತ್ತಿರ ಆಡುವುದಿತ್ತು. ಆ ಮನೆಯಲ್ಲಿ ಈಗಲೂ ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಪದ್ಧತಿ ಇದೆ. ನಮ್ಮ ಮನೆಯಲ್ಲಿ ಅಮ್ಮ ಅದನ್ನು ಯಾವತ್ತೋ ಬಿಟ್ಟಿದ್ದರು. ಇದನ್ನು ಹುಡುಗನ ಹತ್ತಿರ ಹೇಳಿ, ಅವರು ಅಮ್ಮನಿಗೆ ಹೇಳಿ, ನಡುವೆ ಮಾತು ಕೆಡುವುದು ನನಗೆ ಬೇಡವಾಗಿತ್ತು. ಮದುವೆಯಾದ ಮೇಲೆ ಮೊದಲ ತಿಂಗಳೇ ಜಗಳಕ್ಕೆ ನಿಲ್ಲುವುದೂ ಬೇಡ. ಒಂದು ಮಧ್ಯಾಹ್ನ ಅವರು ಮೆಟ್ಟುಗತ್ತಿಯಲ್ಲಿ ಹಲಸಿನಕಾಯಿ ಹೆಚ್ಚುತ್ತಿದ್ದರು. ಪಕ್ಕದಲ್ಲಿ ಕೂತು ನೇರ ಹೇಳಿದೆ. “ಅತ್ತೆ, ನಾನು ಹೊರಗೆ ಕೂರೋದಿಲ್ಲ. ನಿಮಗೆ ಅದರಿಂದ ಬೇಜಾರಾದರೆ ಈಗಲೇ ಹೇಳಿ.” ಅವರು ಕೈ ನಿಲ್ಲಿಸದೆ ಹೆಚ್ಚುತ್ತಲೇ ಇದ್ದರು. ಆಮೇಲೆ ಹೇಳಿದರು, “ಆನು ಕೂತ್ಕತ್ತಿ ತಂಗಿ, ನಂಗೆ ಬಿಡ್ಲೆ ಆಗ್ತಿಲ್ಲೆ. ನಿಂಗೆ ಬ್ಯಾಡ್ದಿದ್ರೆ ಬ್ಯಾಡ. ದೇವರ ಕೋಣೆಗೆ ಮಾತ್ರ ಬರಡ.” ನಾನು ಒಪ್ಪಿದೆ. ಪೂರ್ತಿ ನನ್ನ ಮಾತೇ ನಡೆಯಬೇಕು ಅಂತ ನನಗಿರಲಿಲ್ಲ. ಅಡುಗೆಮನೆ, ಜಗುಲಿ, ನನ್ನ ಹಾಸಿಗೆ ನನಗೆ ಬೇಕಿತ್ತು. ದೇವರ ಕೋಣೆ ಅವರದು. ಆ ಮಾತಿಗೆ ಅವರು ಇವತ್ತಿಗೂ ತಪ್ಪಿಲ್ಲ, ಮನೆಗೆ ಬಂದ ನೆಂಟರು ಕೊಂಕು ತೆಗೆದಾಗ ನನ್ನ ಪರ ನಿಂತವರೂ ಅವರೇ.

ಇನ್ನೊಂದು ನನ್ನ ಕಣ್ಣಿಗೆ ಬಿದ್ದಿತ್ತು. ಆ ಮನೆಯ ಗಂಡಸರು ಯಾರೂ ಅಡುಗೆಮನೆ ಕಡೆ ಹೋಗುತ್ತಿರಲಿಲ್ಲ. ಇವರೂ ಅಷ್ಟೆ. ಕೇಳಿದಾಗ, ಬೆಂಗಳೂರಿನಲ್ಲಿ ಮೆಸ್ ಊಟ ಮಾಡಿಕೊಂಡಿದ್ದೆ, ಕಲಿಯುತ್ತೇನೆ ಅಂದರು. ಕಲಿಯುತ್ತೇನೆ ಅನ್ನುವ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಸುಮ್ಮನೆ ಕಾದೆ, ನೆನಪಿಸಲೂ ಇಲ್ಲ. ನವರಾತ್ರಿ ಹೊತ್ತಿಗೆ ಅವರ ಅಮ್ಮನೇ ಫೋನಿನಲ್ಲಿ ಹೇಳಿದರು, ಮಗ ಈಗ ಬೆಳಿಗ್ಗೆ ದೋಸೆ ಎರೆಯುತ್ತಾನೆ, ತಂಬುಳಿ ಮಾಡುತ್ತಾನೆ ಅಂತ. ಅವರ ದನಿಯಲ್ಲಿದ್ದ ಖುಷಿ ನನಗೆ ಮಗನ ದೋಸೆಗಿಂತ ಮುಖ್ಯ ಅನ್ನಿಸಿತು.

ರಕ್ತ ಪರೀಕ್ಷೆ ಅಂದಾಗ ಎರಡೂ ಮನೆಯಲ್ಲಿ ಮುಖ ಚಿಕ್ಕದಾಯಿತು. ಯಾರಿಗಾದರೂ ಏನಾದರೂ ತೊಂದರೆ ಇದೆಯಾ ಅಂತ ಅನುಮಾನ. ಇಬ್ಬರೂ ಒಟ್ಟಿಗೆ ಮಾಡಿಸುತ್ತೇವೆ ಅಂದ ಮೇಲೆ ಸುಮ್ಮನಾದರು. ರಕ್ತದ ಗುಂಪು, ಥಲಸ್ಸೇಮಿಯಾ, ಹೆಪಟೈಟಿಸ್ ಬಿ, ಎಚ್‌ಐವಿ, ಇಷ್ಟು ಮಾಡಿಸಿದೆವು. ಥಲಸ್ಸೇಮಿಯಾ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಇಬ್ಬರೂ ವಾಹಕರಾಗಿದ್ದರೆ ನೋಡಲು ಆರೋಗ್ಯವಾಗಿಯೇ ಇರುತ್ತಾರೆ, ಆದರೆ ಪ್ರತಿ ಬಸುರಿನಲ್ಲೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಾಧ್ಯತೆ 4ರಲ್ಲಿ 1. ಎಚ್‌ಐವಿ ಪರೀಕ್ಷೆಯನ್ನು ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಪುಕ್ಕಟೆ ಮಾಡುತ್ತಾರೆ, ಗುಟ್ಟಾಗಿಯೂ ಇಡುತ್ತಾರೆ. ನಮ್ಮದರಲ್ಲಿ ಗೊತ್ತಾದದ್ದು ಒಂದೇ. ನನ್ನ ರಕ್ತದ ಗುಂಪು ನೆಗೆಟಿವ್, ಅವರದು ಪಾಸಿಟಿವ್. ಮದುವೆಗೆ ಇದರಿಂದ ಅಡ್ಡಿ ಏನೂ ಇಲ್ಲ. ಬಸುರಿಯಾದರೆ 28ನೇ ವಾರದ ಸುಮಾರಿಗೆ ಆಂಟಿ-ಡಿ ಇಂಜೆಕ್ಷನ್, ಮಗುವಿನದು ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಂದು ತೆಗೆದುಕೊಳ್ಳಬೇಕು, ಅಷ್ಟೆ. ಅದನ್ನು ಅವರು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡರು.

ದೀಪಾವಳಿ ಕಳೆದು ನಾನು ಹ್ಞೂಂ ಅಂದೆ. ನಿಶ್ಚಯ ಮನೆಯಲ್ಲೇ ಆಯಿತು. ಕೊಯ್ಲು ಮುಗಿದ ಮೇಲೆಯೇ ಮದುವೆ ಇಟ್ಟುಕೊಳ್ಳಿ ಅಂತ ನಾನೇ ಹೇಳಿದೆ. ಖರ್ಚು ಎರಡೂ ಮನೆಗೆ ಅರ್ಧರ್ಧ.

ಒಂದು ಮಾತು ಮಾತ್ರ ನಿಶ್ಚಯಕ್ಕೆ ಮುಂಚೆ ತೀರ್ಮಾನ ಆಗಲಿಲ್ಲ. ನನ್ನದು ವರ್ಗಾವಣೆ ಆಗುವ ನೌಕರಿ. ಅವರದು ಬಿಟ್ಟು ಬರಲಾಗದ ತೋಟ. ಬಡ್ತಿ ಸಿಕ್ಕರೆ ಬೇರೆ ರಾಜ್ಯಕ್ಕೂ ಹೋಗಬೇಕಾಗಬಹುದು. ಬಡ್ತಿ ಬಿಡುತ್ತೇನೆ ಅಂತ ನಾನು ಮಾತು ಕೊಡಲಿಲ್ಲ, ಬಿಡು ಅಂತ ಅವರು ಕೇಳಲಿಲ್ಲ. ಬಂದಾಗ ಕೂತು ಮಾತಾಡೋಣ, ಒಂದೆರಡು ವರ್ಷ ದೂರ ಇರಬೇಕಾಗಬಹುದು ಅಂತ ಎರಡೂ ಮನೆಯವರ ಎದುರು ಹೇಳಿಟ್ಟೆವು. ಈಗ ನಾನು ಶಿರಸಿ ಶಾಖೆಯಲ್ಲಿದ್ದೇನೆ. ಬಡ್ತಿ ಪರೀಕ್ಷೆಗೆ ಈ ಸಲ ಅರ್ಜಿ ಹಾಕಿದ್ದೇನೆ.