‘ರನ್’ ಎಂದರೆ ಓಡುವುದಷ್ಟೇ ಅಲ್ಲ: ಸರಿಯಾದ ಅರ್ಥ ಹಿಡಿಯುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಸಂಜೆಯ ಇಂಗ್ಲಿಷ್ ತರಗತಿ ನಡೆಸುವ ನನಗೆ ‘ಮೈ ಫಾದರ್ ರನ್ಸ್ ಎ ಹೋಟೆಲ್’ ಎಂಬ ವಾಕ್ಯಕ್ಕೆ ‘ನನ್ನ ತಂದೆ ಹೋಟೆಲಿಗೆ ಓಡುತ್ತಾರೆ’ ಎಂಬ ಉತ್ತರ ಪ್ರತಿ ವರ್ಷವೂ ತಪ್ಪದೆ ಸಿಗುತ್ತದೆ. ಬರೆದವರನ್ನು ದೂರುವಂತಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ‘ಸೆಟ್’ ಪದದ್ದಾಗಿತ್ತು. ಮುಂದಿನ ಆವೃತ್ತಿಗಾಗಿ ನಡೆದ ಪರಿಷ್ಕರಣೆಯಲ್ಲಿ ಅದನ್ನು ಹಿಂದಿಕ್ಕಿದ ‘ರನ್’ಗೆ ಕ್ರಿಯಾಪದವಾಗಿಯೇ 645 ಅರ್ಥಗಳನ್ನು ಸಂಪಾದಕರು ಗುರುತಿಸಿದರು. ಅಷ್ಟನ್ನೂ ಬಾಯಿಪಾಠ ಮಾಡುವುದು ಯಾರಿಂದಲೂ ಆಗದು, ಮಾಡಬೇಕಾಗಿಯೂ ಇಲ್ಲ. ವಾಕ್ಯವನ್ನು ಈ ಕ್ರಮದಲ್ಲಿ ಬಿಡಿಸಿ ನೋಡಿದರೆ ಸಾಕು.

ಮೊದಲ ಹಂತ: ಪದದ ಹಿಂದೆ ‘ಎ’ ಅಥವಾ ‘ದಿ’ ಇದ್ದರೆ ಸಾಮಾನ್ಯವಾಗಿ ಅದು ನಾಮಪದ. ಕ್ರಿಕೆಟ್ಟಿನ ರನ್ ಎಲ್ಲರಿಗೂ ಗೊತ್ತು. ‘ಇನ್ ದಿ ಲಾಂಗ್ ರನ್’ ಎಂದರೆ ‘ಕಾಲ ಕಳೆದಂತೆ’ ಎಂದರ್ಥ.

ಎರಡನೆಯ ಹಂತ: ಕ್ರಿಯಾಪದವಾದರೆ ಕರ್ತೃ ಯಾರೆಂದು ನೋಡಿ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಓಡುವುದು, ಹರಿಯುವುದು ಎರಡೂ ಅರ್ಥಗಳಿದ್ದವು. ಜರ್ಮನ್ ಭಾಷೆಯಲ್ಲಿರುವ ಅದರ ಬಂಧುಪದ ‘ರಿನ್ನೆನ್’ ಈಗಲೂ ಹರಿಯುವುದನ್ನೇ ಸೂಚಿಸುತ್ತದೆ. ಆದಕಾರಣ ಯಗಚಿ ಬೇಲೂರಿನ ಪಕ್ಕದಲ್ಲಿ ‘ರನ್’ ಆದರೆ ಹರಿಯುತ್ತದೆ, ಮೂಗು ‘ರನ್’ ಆದರೆ ಸೋರುತ್ತದೆ, ಹೊಸ ಸೀರೆ ‘ರನ್’ ಆದರೆ ಬಣ್ಣ ಬಿಡುತ್ತದೆ. ಚುನಾವಣೆಯ ಮಾತು ಇನ್ನೂ ಸ್ವಾರಸ್ಯಕರ: ಅಮೆರಿಕದ ಅಭ್ಯರ್ಥಿ ‘ರನ್’ ಆಗುವ ಕಡೆ ನಮ್ಮ ಅಭ್ಯರ್ಥಿ ಸುಮ್ಮನೆ ನಿಲ್ಲುತ್ತಾನೆ.

ಮೂರನೆಯ ಹಂತ: ಕರ್ಮಪದ ಇದೆಯೇ ಎಂದು ಹುಡುಕಿ. ಕನ್ನಡದಲ್ಲಿ ‘ಓಡು’ ಎಂಬುದಕ್ಕೆ ‘ಇಸು’ ಸೇರಿ ‘ಓಡಿಸು’ ಆಗುತ್ತದೆ, ‘ನಡೆ’ಯುವುದು ‘ನಡೆಸು’ ಆಗುತ್ತದೆ. ಇಂಗ್ಲಿಷಿನ ‘ರನ್’ ಮಾತ್ರ ಎರಡೂ ಕಡೆ ಒಂದೇ ರೂಪದಲ್ಲಿ ನಿಂತಿರುತ್ತದೆ. ತಂದೆಯವರ ಮುಂದೆ ‘ಹೋಟೆಲ್’ ಎಂಬ ಕರ್ಮಪದ ಇರುವುದರಿಂದಲೇ ಅವರು ಓಡುತ್ತಿಲ್ಲ, ಹೋಟೆಲ್ ನಡೆಸುತ್ತಿದ್ದಾರೆ.

ನಾಲ್ಕನೆಯ ಹಂತವೇ ಬಹುತೇಕರು ಎಡವುವ ಜಾಗ. ‘ರನ್’ ಜೊತೆ ‘ಔಟ್’, ‘ಇಂಟು’, ‘ಓವರ್’, ‘ಡೌನ್’ ಮೊದಲಾದ ಪುಟ್ಟ ಪದಗಳು ಬಾಲದಂತೆ ಅಂಟಿಕೊಂಡಾಗ ಅರ್ಥವನ್ನು ನಿರ್ಧರಿಸುವುದು ಆ ಬಾಲವೇ. ನಮ್ಮ ತರಗತಿಗೆ ಬರುತ್ತಿದ್ದ, ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ರೈಟರಿಗೆ (ತೋಟದ ಗುಮಾಸ್ತರಿಗೆ) ಕೊಯ್ಲಿನ ಸಮಯದಲ್ಲಿ ಮಾಲೀಕರಿಂದ ‘ವಿ ಆರ್ ರನ್ನಿಂಗ್ ಔಟ್ ಆಫ್ ಡೀಸೆಲ್’ ಎಂಬ ಸಂದೇಶ ಬಂದಿತ್ತು. ಡೀಸೆಲ್ ತರಲು ಮಾಲೀಕರೇ ಹೊರಗೆ ಓಡಿದ್ದಾರೆಂದು ತಿಳಿದು ಅವರು ನೆಮ್ಮದಿಯಿಂದ ಕುಳಿತರು. ಸಂಜೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್ ನಿಂತಾಗ ಅಂದು ಕೊಯ್ದ ಹಣ್ಣು ಅಂಗಳದಲ್ಲಿ ರಾಶಿ ಬಿದ್ದಿತ್ತು. ಕೊಯ್ದ ದಿನವೇ ಪಲ್ಪ್ ಮಾಡದಿದ್ದರೆ ಹಣ್ಣು ಹುಳಿಯಲಾರಂಭಿಸುತ್ತದೆ ಎಂಬುದನ್ನು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಬಾಲವನ್ನು ಕಂಡರಷ್ಟೇ ಸಾಲದು, ಅದರ ಮುಂದೇನಿದೆ ಎಂಬುದನ್ನೂ ನೋಡಬೇಕು. ‘ರನ್ ಇಂಟು’ ಮುಂದೆ ಹಳೆಯ ಮೇಷ್ಟ್ರಿದ್ದರೆ ಅವರು ಹನುಮಂತಪ್ಪ ವೃತ್ತದಲ್ಲಿ ಆಕಸ್ಮಿಕವಾಗಿ ಸಿಕ್ಕರು ಎಂದರ್ಥ; ಗೋಡೆಯಿದ್ದರೆ ಗಾಡಿ ಗುದ್ದಿತು; ‘ಲ್ಯಾಕ್ಸ್’ ಇದ್ದರೆ ಖರ್ಚು ಲಕ್ಷಗಟ್ಟಲೆಯಾಯಿತು. ಮೇಷ್ಟ್ರ ವಿಷಯದಲ್ಲಿ ‘ಇಂಟು’ ಬದಲು ‘ಓವರ್’ ಬರೆದರೆ ಅವರ ಮೇಲೆ ಗಾಡಿ ಹತ್ತಿಸಿದಂತೆ. ಕೆಲವೊಮ್ಮೆ ಬಾಲ ದೂರದಲ್ಲಿಯೂ ಇರುತ್ತದೆ: ‘ಡೋಂಟ್ ರನ್ ದಿ ಬ್ಯಾಟರಿ ಡೌನ್’ ಎಂಬಲ್ಲಿ ಬ್ಯಾಟರಿಯನ್ನು ದಾಟಿ ಹೋದ ಮೇಲಷ್ಟೇ ‘ಡೌನ್’ ಸಿಗುತ್ತದೆ, ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬೇಡಿ ಎಂಬ ಅರ್ಥವೂ ಆಗಲೇ ಹೊಳೆಯುತ್ತದೆ. ಹೀಗಾಗಿ ಪೂರ್ಣವಿರಾಮ ಮುಟ್ಟುವವರೆಗೆ ಅರ್ಥ ಹಚ್ಚಲೇಬೇಡಿ.

ಮೊಬೈಲಿನಲ್ಲಿ ‘ರನ್’ ಎಂಬ ಒಂದೇ ಪದ ಹಾಕಿ ಮೊದಲು ಕಂಡ ‘ಓಡು’ ಎಂಬ ಉತ್ತರಕ್ಕೆ ಸಮಾಧಾನಪಡುವ ಅಡ್ಡದಾರಿ ಬೇಡ. ಹಾಕುವುದಾದರೆ ಇಡೀ ವಾಕ್ಯವನ್ನು ಹಾಕಿ. ಬಸ್ ನಿಲ್ದಾಣಗಳಲ್ಲಿ ಮಾರುವ, ಪದಕ್ಕೊಂದೇ ಅರ್ಥ ಕೊಡುವ ಕಿರುಪುಸ್ತಕಗಳಿಗೆ ದುಡ್ಡು ದಂಡ ಮಾಡುವುದಂತೂ ಖಂಡಿತ ಬೇಡ.

ಕೊನೆಯ ಹಂತ: ಇನ್ನೂರು ಪುಟದ ನೋಟ್‌ಬುಕ್ಕಿನ ಎಡಪುಟದಲ್ಲಿ ಇಂಗ್ಲಿಷ್ ವಾಕ್ಯವನ್ನೂ ಬಲಪುಟದಲ್ಲಿ ‘ಓಡು’ ಎಂಬ ಪದವನ್ನು ಬಳಸದೆ ಅದರ ಕನ್ನಡವನ್ನೂ ಬರೆಯಿರಿ, ಬಿಡಿ ಪದಗಳ ಪಟ್ಟಿಯನ್ನು ನಾನು ಒಪ್ಪುವುದಿಲ್ಲ. ಆ ರೈಟರ ನೋಟ್‌ಬುಕ್ಕಿನ ಮೊದಲ ಬಲಪುಟದಲ್ಲಿ ಹೀಗಿದೆ: ‘ಡೀಸೆಲ್ ಮುಗಿಯುತ್ತಾ ಬಂದಿದೆ, ಬೇಗ ತರಿಸಬೇಕು.’